ಓಡಿದ ಮೇಲಿನ ಹೊತ್ತು

(ಸುಲ್ತಾನ್ ಬತ್ತೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಹಿಂದಿನ ಸಾಲಿನಲ್ಲಿ ಮೈದಾನದಿಂದ ನೇರವಾಗಿ ಬಂದು ಟ್ರ್ಯಾಕ್ ಪ್ಯಾಂಟಿನಲ್ಲೇ ಕೂತಿರುವ ಮಕ್ಕಳೇ,

ಈ ಊರಿನಲ್ಲಿ ಕನ್ನಡ ಮಾತಾಡಲು ನಿಂತಾಗ ನನಗೆ ಪರಸ್ಥಳ ಅನ್ನಿಸುವುದಿಲ್ಲ. ಟಿಪ್ಪುವಿನ ಮದ್ದುಗುಂಡಿನ ದಾಸ್ತಾನಿನಿಂದ ಬತ್ತೇರಿ ಎಂಬ ಹೆಸರು ಅಂಟಿಕೊಳ್ಳುವ ಮೊದಲು ಇದು ಗಣಪತಿವಟ್ಟಂ. ಇಲ್ಲಿ ನೆಲೆಸಿದ್ದ ಜೈನರ ಬಾಯಲ್ಲಿ ಇದು ಹನ್ನೆರಡು ಬೀದಿ. ಆ ಬೀದಿಗಳ ಗುರುತಾಗಿ ಕಲ್ಲಿನ ಬಸದಿಯೊಂದು ಪೇಟೆಯೊಳಗೆ ಇಂದಿಗೂ ನಿಂತಿದೆ. ನಾನು ಈ ಊರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮೂರು ವರ್ಷ ಕೆಲಸ ಮಾಡಿದೆ. ಗುಂಡ್ಲುಪೇಟೆ ಕಡೆಯವಳಾದ ನನಗೆ ವರ್ಗಾವಣೆ ಆದೇಶ ಕೈಗೆ ಬಂದಾಗ ಮನೆಯವರೆಲ್ಲ ‘ಕೇರಳವಾ!’ ಎಂದು ಹೌಹಾರಿದ್ದರು. ಬಂದು ನೋಡಿದರೆ ಕೌಂಟರಿನ ಮುಂದೆ ಬರುವ ಹತ್ತು ಜನರಲ್ಲಿ ಇಬ್ಬರು ಮೂವರಿಗೆ ಕನ್ನಡ ತಿಳಿಯುತ್ತಿತ್ತು. ಶುಂಠಿ ಬೆಳೆಯಲು ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆ ಜಮೀನು ಗುತ್ತಿಗೆ ಹಿಡಿದು ವರ್ಷದ ಅರ್ಧ ಭಾಗ ಅಲ್ಲೇ ಇರುವ ಇಲ್ಲಿನ ರೈತರು ನನಗಿಂತ ಚೆನ್ನಾಗಿ ಆ ಸೀಮೆಯ ಬೈಗುಳ ಬಲ್ಲವರಾಗಿದ್ದರು.

ನನಗೆ ಕೊಟ್ಟಿರುವ ವಿಷಯ ಉದ್ಯೋಗ ಮತ್ತು ದೂರದ ಕ್ರೀಡೆಗಳು. ಮ್ಯಾರಥಾನ್, ನೂರಾರು ಕಿಲೋಮೀಟರ್ ಸೈಕಲ್, ಈಜು ಸೈಕಲ್ ಓಟ ಮೂರೂ ಸೇರಿದ ಟ್ರಯತ್ಲಾನ್ ಇವುಗಳನ್ನು ಸ್ಪರ್ಧೆಗಾಗಿ ಮಾಡುತ್ತ, ಹೊಟ್ಟೆಪಾಡಿನ ಕೆಲಸವನ್ನೂ ಕೈಬಿಡದೆ ಹೇಗೆ ನಡೆಸುವುದು ಎಂಬುದು ಆಹ್ವಾನ ಪತ್ರದಲ್ಲಿದ್ದ ಪ್ರಶ್ನೆ. ಅದರಲ್ಲಿ ‘ಸಮತೋಲನ’ ಎಂಬ ಪದವಿತ್ತು. ಇಪ್ಪತ್ತು ವರ್ಷದಿಂದ ಓಡುತ್ತಿದ್ದೇನೆ, ಇಪ್ಪತ್ತಾರು ವರ್ಷದಿಂದ ಬ್ಯಾಂಕಿನಲ್ಲಿದ್ದೇನೆ. ತಕ್ಕಡಿಯ ಎರಡೂ ತಟ್ಟೆ ಸಮವಾಗಿ ನಿಂತ ದಿನ ಒಂದೂ ನೆನಪಿಗೆ ಬರುವುದಿಲ್ಲ. ಹಾಗಾಗಿ ಆ ಪದವನ್ನು ಅಲ್ಲೇ ಬಿಟ್ಟು, ಈ ಊರಿನ ರಸ್ತೆಯಲ್ಲಿ ಕಂಡದ್ದರಿಂದ ಶುರುಮಾಡುತ್ತೇನೆ.

ಇಲ್ಲಿಗೆ ಬಂದ ಮೊದಲ ವಾರ ಬೆಳಗಿನ ಜಾವ ಐದಕ್ಕೆ ಶೂ ಕಟ್ಟಿ ಹೊರಟವಳನ್ನು ಮನೆ ಮಾಲೀಕರು ಗೇಟಿನ ಬಳಿ ತಡೆದರು. ‘ಬೆಳಕು ಹರಿಯಲಿ, ಮೇಡಂ. ಆನೆ ಇರುತ್ತೆ’ ಎಂದರು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಉದ್ಯೋಗಸ್ಥ ಓಟಗಾರರ ಇಡೀ ಲೆಕ್ಕಾಚಾರ ನಿಂತಿರುವುದೇ ಬೆಳಗಿನ ನಾಲ್ಕೂವರೆಯಿಂದ ಆರೂವರೆಯ ಮೇಲೆ. ವಯನಾಡಿನಲ್ಲಿ, ಅದರಲ್ಲೂ ಮುತ್ತಂಗ, ತೋಲ್ಪೆಟ್ಟಿ, ತಿರುನೆಲ್ಲಿಯ ಕಡೆ, ಆ ಎರಡು ಗಂಟೆ ಮನುಷ್ಯರದ್ದಲ್ಲ. ಇದು ಹಿರಿಯರು ಹೆದರಿಸಲು ಹೇಳುವ ಮಾತೂ ಅಲ್ಲ. ಕರ್ನಾಟಕದಲ್ಲಿ ಸೆರೆಹಿಡಿದು ರೇಡಿಯೊ ಕಾಲರ್ ಹಾಕಿ ಬಿಟ್ಟಿದ್ದ ಬೇಲೂರು ಮಖ್ನಾ ಎಂಬ ಆನೆ 2024ರ ಫೆಬ್ರವರಿಯಲ್ಲಿ ಗಡಿ ದಾಟಿ ಬಂದು ಮಾನಂದವಾಡಿಯ ಹತ್ತಿರ ಒಬ್ಬ ರೈತರನ್ನು, ಬೆಳಗಿನ ಹೊತ್ತಿನಲ್ಲೇ, ಮನೆಯಂಗಳದವರೆಗೆ ಅಟ್ಟಿಸಿಕೊಂಡು ಹೋಗಿ ಕೊಂದದ್ದು ನಿಮಗೆಲ್ಲ ಗೊತ್ತು. ಹೀಗಾಗಿ ನನ್ನ ದಿನಚರಿ ಒಂದೂಕಾಲು ಗಂಟೆ ಮುಂದಕ್ಕೆ ಹೋಯಿತು. ಹತ್ತು ಗಂಟೆಗೆ ಶಾಖೆಯ ಬಾಗಿಲು ತೆರೆಯಬೇಕಾದವಳಿಗೆ ಆ ಒಂದೂಕಾಲು ಗಂಟೆ ಎಲ್ಲಿಂದ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಬೆಳಕು ಹರಿದ ಮೇಲೆ ರಸ್ತೆಯಲ್ಲಿ ನನಗಿಂತ ಮುಂದೆ ಓಡುತ್ತಿದ್ದವರು ಹದಿನೆಂಟು ಹತ್ತೊಂಬತ್ತರ ಹುಡುಗರು. ಅವರಿಗೆ ಪದಕ ಬೇಕಿರಲಿಲ್ಲ, ಕೆಲಸ ಬೇಕಿತ್ತು. ಸೇನೆಯ ನೇಮಕಾತಿ ರ‍್ಯಾಲಿಯಲ್ಲಿ ಆಗ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ 60 ಅಂಕ ಸಿಗುತ್ತಿತ್ತು. ಅದು ತಪ್ಪಿ ಹದಿನೈದು ಸೆಕೆಂಡು ತಡವಾದರೆ 48. ಅದಕ್ಕೂ ತಡವಾದವರು ಅಲ್ಲಿಂದಲೇ ಮನೆಗೆ ಹೋಗಬೇಕಿತ್ತು. ಐದೂವರೆ ನಿಮಿಷ ಎಂಬ ಆ ಗೆರೆಯ ಮೇಲೆ ಇಡೀ ಮನೆಯ ಸಾಲ, ತಂಗಿಯ ಓದು, ಸೋರುವ ಸೂರು ನಿಂತಿರುತ್ತದೆ. ನಗರದ ಉದ್ಯೋಗಸ್ಥರು ಕೆಲಸ ಸಿಕ್ಕಿದ ಮೇಲೆ ಓಟಕ್ಕೆ ಬರುತ್ತಾರೆ. ಇಲ್ಲಿನ ಮಕ್ಕಳು ಓಟದಿಂದ ಕೆಲಸಕ್ಕೆ ಹೋಗುತ್ತಾರೆ. ಇವೆರಡನ್ನೂ ‘ವೃತ್ತಿ ಮತ್ತು ಕ್ರೀಡೆ’ ಎಂಬ ಒಂದೇ ತಲೆಬರಹದಡಿ ತಂದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಈ ಎರಡನೆಯ ದಾರಿಯಲ್ಲಿ ಬಹಳ ದೂರ ಹೋದವರು ನಿಮ್ಮೂರಿನವರೇ. ತೋನಕಲ್ ಗೋಪಿ ಹುಟ್ಟಿದ್ದು 1988ರಲ್ಲಿ, ಈ ಬತ್ತೇರಿ ಸೀಮೆಯ ಬಡ ಕೃಷಿ ಕುಟುಂಬದಲ್ಲಿ. ಸೇನೆ ಸೇರಿದರು, ಹವಾಲ್ದಾರ್ ಆದರು. 2016ರ ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಅವರು ಗೆಲ್ಲಲು ನಿಂತವರಾಗಿರಲಿಲ್ಲ. ತಮ್ಮದೇ ಸೇನೆಯ ಓಟಗಾರ ನಿತೇಂದ್ರ ಸಿಂಗ್ ರಾವತ್ ಅವರಿಗೆ ವೇಗ ಕಟ್ಟಿಕೊಡುವ ಜೊತೆಗಾರನಾಗಿ ಹೊರಟಿದ್ದರು. ಹಾಗೆ ಹೊರಟವರು ಸಾಮಾನ್ಯವಾಗಿ ಅರ್ಧ ದಾರಿಯಲ್ಲೋ ಮೂವತ್ತನೇ ಕಿಲೋಮೀಟರಿನಲ್ಲೋ ಪಕ್ಕಕ್ಕೆ ಸರಿಯುತ್ತಾರೆ. ಗೋಪಿ ಸರಿಯಲಿಲ್ಲ. ಕೊನೆಯವರೆಗೂ ಓಡಿ, ಭಾರತೀಯರಲ್ಲಿ ಎರಡನೆಯವರಾಗಿ, ರಿಯೊ ಒಲಿಂಪಿಕ್ಸ್‌ಗೆ ಬೇಕಾದ ಕಾಲಮಿತಿಯನ್ನು ದಾಟಿಬಿಟ್ಟರು. ಅದೇ ಆಗಸ್ಟ್‌ನಲ್ಲಿ ರಿಯೊದಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ 25ನೆಯವರಾದರು.

ಬ್ಯಾಂಕಿನವಳಾದ್ದರಿಂದ ನನಗೆ ಅಂಕಿಗಳನ್ನು ಭಾಗಿಸಿ ನೋಡುವ ಚಾಳಿ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅದನ್ನು ಹುಡುಗರ 1.6 ಕಿಲೋಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಇಪ್ಪತ್ತಾರು ತುಂಡಾಗಿ ಇನ್ನೂ ಸ್ವಲ್ಪ ಉಳಿಯುತ್ತದೆ. ರಿಯೊದಲ್ಲಿ ಗೋಪಿ ಒಂದೊಂದು ತುಂಡನ್ನು ಸರಾಸರಿ 5 ನಿಮಿಷ 8 ಸೆಕೆಂಡಿನಲ್ಲಿ ಓಡಿದ್ದಾರೆ. ನೇಮಕಾತಿ ಮೈದಾನದಲ್ಲಿ ಒಂದು ಸಲ ಸಾಧಿಸಿದರೆ ಬದುಕೇ ಬದಲಾಗುವ ವೇಗವನ್ನು ಮೀರಿ, ನಿಲ್ಲದೆ, ಇಪ್ಪತ್ತಾರು ಸಲ. ಹಿಂದಿನ ಸಾಲಿನ ಮಕ್ಕಳೇ, ನಾಳೆ ಬೆಳಿಗ್ಗೆ ನಿಮ್ಮ ಐದೂವರೆ ನಿಮಿಷ ಮುಗಿದು ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುವಾಗ ಇದನ್ನು ನೆನೆಸಿಕೊಳ್ಳಿ.

ಮರುವರ್ಷ, 2017ರ ನವೆಂಬರ್‌ನಲ್ಲಿ ಚೀನಾದ ಡೊಂಗ್‌ಗುವಾನ್‌ನಲ್ಲಿ ಅವರು ಏಷ್ಯನ್ ಮ್ಯಾರಥಾನ್ ಚಾಂಪಿಯನ್ ಆದರು. ಆ ಪಟ್ಟ ಗೆದ್ದ ಮೊದಲ ಭಾರತೀಯ ಪುರುಷ. 2019ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ 2:13:39. ಆ ಹೊತ್ತಿಗೆ ಭಾರತದಲ್ಲಿ ಅದಕ್ಕಿಂತ ವೇಗವಾಗಿ ಓಡಿದ್ದವರು ಶಿವನಾಥ್ ಸಿಂಗ್ ಒಬ್ಬರೇ. ಅವರೂ ಸೇನೆಯವರೇ, ಬರಿಗಾಲಲ್ಲಿ ಓಡುತ್ತಿದ್ದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಬರೆದ 2:12:00 ನಾಲ್ಕು ದಶಕಕ್ಕೂ ಮೀರಿ ಅಲುಗಾಡಲಿಲ್ಲ.

ನಮ್ಮ ದೇಶದ ದೂರದ ಓಟದ ಚರಿತ್ರೆಯಲ್ಲಿ ಸೈನಿಕರೇ ಯಾಕೆ ಇಷ್ಟು ಮಂದಿ ಎಂದು ಕೇಳಿದರೆ ಶಿಸ್ತು, ಛಲ, ದೇಶಭಕ್ತಿ ಎಂಬ ಉತ್ತರ ಬರುತ್ತದೆ. ಇರಬಹುದು. ಆದರೆ ಶಿಸ್ತು ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರಿಗೂ ಇದೆ, ಟೀ ತೋಟದಲ್ಲಿ ಎಲೆ ಕೀಳುವವರಿಗೂ ಇದೆ. ಗೋಪಿಯವರಿಗೆ ಸೇನೆ ಕೊಟ್ಟದ್ದು ಸಂಬಳ, ಊಟ, ಕೋಚ್. ಒಂದು ಕಾಲದಲ್ಲಿ 10,000 ಮೀಟರಿನ ರಾಷ್ಟ್ರೀಯ ದಾಖಲೆ ಹೊಂದಿದ್ದ ಸುರೇಂದರ್ ಸಿಂಗ್ ಭಂಡಾರಿ ಅವರ ಕೈಕೆಳಗೆ ಪಳಗುವ ಅವಕಾಶ ಸಿಕ್ಕಿತು. ಇವೆಲ್ಲಕ್ಕಿಂತ ದೊಡ್ಡದು, ಯಾರೂ ಲೆಕ್ಕಕ್ಕೆ ಹಿಡಿಯದ್ದು, ಇನ್ನೊಂದಿದೆ. ಬೆಳಗಿನ ಓಟ ಮುಗಿಸಿ ಬಂದವನಿಗೆ ಮಧ್ಯಾಹ್ನ ಮಲಗಲು ಬಿಡುವ ಕೆಲಸ ಅದು.

ನಾನಿಂದು ಹೇಳಬೇಕೆಂದು ಬಂದಿರುವುದು ಇದನ್ನೇ. ಓಡಲು ಹೊತ್ತು ಹೇಗೋ ಸಿಗುತ್ತದೆ. ಓಡಿದ ಮೇಲಿನ ಹೊತ್ತು ಸಿಗುವುದಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂವತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಬಹುಪಾಲು ಮುಗಿಯುತ್ತದೆ. ಅದು ಮತ್ತೆ ತುಂಬಲು ಒಂದು ಇಡೀ ದಿನ ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರಿದಿರುತ್ತವೆ. ಅವು ಹೊಲಿದುಕೊಂಡು ಮೊದಲಿಗಿಂತ ಗಟ್ಟಿಯಾಗುವುದು ಗಾಢ ನಿದ್ದೆಯಲ್ಲಿ. ಎಲುಬೂ ಹಾಗೆಯೇ, ಪೆಟ್ಟು ತಿಂದು, ಬಿಡುವು ಸಿಕ್ಕಾಗ ಬಲಿಯುತ್ತದೆ. ಅಂದರೆ ಓಟಗಾರ ತಯಾರಾಗುವುದು ಓಡುವಾಗ ಅಲ್ಲ, ಮಲಗಿದ್ದಾಗ. ಓಟ ಬರೀ ಬಿತ್ತನೆ. ಕೆಲಸಕ್ಕೆ ಹೋಗುವವರ ಕಷ್ಟ ಇರುವುದು ಇಲ್ಲೇ. ಬಿತ್ತನೆಗೆ ಎರಡು ಗಂಟೆ ಹೊಂದಿಸಿಕೊಂಡು, ಬೆಳೆಯಬೇಕಾದ ಹೊತ್ತನ್ನು ಬಸ್ಸಿಗೆ, ಮೀಟಿಂಗಿಗೆ, ಅಡುಗೆಮನೆಗೆ, ಮಕ್ಕಳ ಹೋಂವರ್ಕಿಗೆ ಕೊಟ್ಟಿರುತ್ತೇವೆ.

2018ರ ಏಪ್ರಿಲ್ 16ರಂದು ನಡೆದ ಬಾಸ್ಟನ್ ಮ್ಯಾರಥಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ದಿನ ಮೈ ಮರಗಟ್ಟಿಸುವ ಚಳಿ, ಎದುರುಗಾಳಿ, ಎಡೆಬಿಡದ ಮಳೆ. ವೃತ್ತಿಪರ ಓಟಗಾರರೇ ಒಬ್ಬೊಬ್ಬರಾಗಿ ದಾರಿ ಬಿಟ್ಟು ನಡೆದರು. ಗೆದ್ದವರು ಜಪಾನಿನ ಯೂಕಿ ಕಾವಾಉಚಿ, 2:15:58. ಸೈತಾಮಾ ಪ್ರಾಂತ್ಯ ಸರ್ಕಾರದ ಗುಮಾಸ್ತರಾಗಿ ಒಂದು ಹೈಸ್ಕೂಲಿನ ಕಚೇರಿಯಲ್ಲಿ ಪೂರ್ಣಾವಧಿ ಕೆಲಸ. ಅದೇ ಓಟದ ಮಹಿಳೆಯರ ವಿಭಾಗದಲ್ಲಿ ಎರಡನೆಯವರಾಗಿ ಬಂದ ಸಾರಾ ಸೆಲ್ಲರ್ಸ್ ಅರಿಜೋನಾದ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ನರ್ಸ್. ಅದು ಅವರ ಎರಡನೇ ಮ್ಯಾರಥಾನ್. ತಾವೇ ಪ್ರವೇಶ ಶುಲ್ಕ ಕಟ್ಟಿ ಹೋಗಿದ್ದವರು 75,000 ಡಾಲರ್ ಬಹುಮಾನ ಪಡೆದರು. ಡ್ಯೂಟಿ ನೋಡಿಕೊಂಡು ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ, ಒಮ್ಮೆ ಕೆಲಸ ಮುಗಿದ ಮೇಲೆ ಓಡುತ್ತಿದ್ದವರು ಆಕೆ.

‘ನೋಡಿ, ಮನಸ್ಸಿದ್ದರೆ ಮಾರ್ಗ’ ಎಂದು ಈ ಕಥೆಯನ್ನು ಮುಗಿಸುವವರೇ ಹೆಚ್ಚು. ನನಗೆ ಮುಖ್ಯವಾಗಿ ಕಂಡದ್ದು ಕಾವಾಉಚಿಯವರ ಪಾಳಿ. ಅವರ ಕೆಲಸ ಶುರುವಾಗುತ್ತಿದ್ದದ್ದು ಮಧ್ಯಾಹ್ನ, ಮುಗಿಯುತ್ತಿದ್ದದ್ದು ರಾತ್ರಿ ಒಂಬತ್ತರ ಸುಮಾರಿಗೆ. ಬೆಳಿಗ್ಗೆ ತಡವಾಗಿ ಎದ್ದು, ಹಗಲ ಬೆಳಕಿನಲ್ಲಿ ಓಡಿ, ತಿಂದು, ಒರಗಿ, ಆಮೇಲೆ ಕಚೇರಿಗೆ. ಪೂರ್ಣಾವಧಿ ಕೆಲಸ ನಿಜ, ಆದರೆ ಓಟಕ್ಕೂ ಕೆಲಸಕ್ಕೂ ನಡುವೆ ಉಸಿರಾಡಲು ಜಾಗ ಬಿಟ್ಟ ಪಾಳಿ ಅದು. ಹತ್ತರಿಂದ ಐದರ ಪಾಳಿಯಲ್ಲಿ ಅವರೇ ಕೂತಿದ್ದರೆ? ನನಗೆ ಅನುಮಾನ. 2019ರಲ್ಲಿ ಅವರು ಸರ್ಕಾರಿ ಕೆಲಸ ಬಿಟ್ಟು ಪೂರ್ಣ ಓಟಗಾರರಾದರು ಎಂಬುದನ್ನೂ ಇದರ ಜೊತೆಗೆ ಹೇಳಬೇಕು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಈ ಊರಿನಲ್ಲಿ ನನ್ನ ಎರಡನೇ ವರ್ಷದ ಮಾರ್ಚ್ ತಿಂಗಳು. ಬ್ಯಾಂಕಿನವರಿಗೆ ಮಾರ್ಚ್ ಎಂದರೆ ಏನೆಂದು ಬ್ಯಾಂಕಿನವರ ಮನೆಯವರಿಗೆ ಗೊತ್ತು. ಏಪ್ರಿಲ್ ಕೊನೆಗೆ ಒಂದು ಓಟವಿತ್ತು, ನನ್ನ ವಯೋಮಾನದ ವಿಭಾಗದಲ್ಲಿ ಮೂರರೊಳಗೆ ಬರುವ ಆಸೆ ಇತ್ತು. ರಾತ್ರಿ ಹನ್ನೊಂದಕ್ಕೆ ಮನೆ ಸೇರಿ, ಹನ್ನೆರಡಕ್ಕೆ ಮಲಗಿ, ಬೆಳಕು ಹರಿಯುವ ಮೊದಲೇ ಏಳುವುದನ್ನು ಮೂರು ವಾರ ಮಾಡಿದೆ. ಅಭ್ಯಾಸದ ಪಟ್ಟಿಯಲ್ಲಿ ಒಂದು ದಿನವೂ ತಪ್ಪಲಿಲ್ಲ. ಪ್ರತಿ ದಿನದ ಮುಂದೆ ಹಸಿರು ಗುರುತು ಹಾಕಿ ಖುಷಿಪಡುತ್ತಿದ್ದೆ. ಒಂದು ಭಾನುವಾರ 32 ಕಿಲೋಮೀಟರ್ ಓಡಿದೆ. ಸೋಮವಾರ ಒಬ್ಬ ಶುಂಠಿ ರೈತರು ಬೆಳೆಸಾಲ ತೀರಿಸಲು ಬಂದರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ, ಅಂಗಿಯೊಳಗೆ ಎದೆಯ ಹತ್ತಿರ ಇಟ್ಟುಕೊಂಡಿದ್ದರು. ಬಿಚ್ಚಿ ಕೊಟ್ಟಾಗ ಅದು ಬೆಚ್ಚಗಿತ್ತು. ಖಾತೆಯ ಎರಡು ಅಂಕಿಗಳನ್ನು ನಾನು ಹಿಂದುಮುಂದು ಒತ್ತಿದೆ. 1,80,000 ರೂಪಾಯಿ ಇನ್ಯಾರದೋ ಖಾತೆಗೆ ಹೋಯಿತು. ಸಂಜೆ ಲೆಕ್ಕ ನೋಡುವಾಗ ಗೊತ್ತಾಯಿತು, ಮರುದಿನ ಸರಿಯಾಯಿತು. ಆದರೆ ಬಡ್ಡಿ ರಿಯಾಯಿತಿಯ ಗಡುವು ಮುಂದಿದ್ದುದರಿಂದ ಆ ಮನುಷ್ಯ ಆ ರಾತ್ರಿ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಕ್ಷಮೆ ಕೇಳಿದೆ. ‘ಸಾರಮಿಲ್ಲ, ಮೇಡಂ’ ಎಂದರು. ಪರವಾಗಿಲ್ಲ ಎಂದು. ನನ್ನ ಹಸಿರು ಗುರುತುಗಳ ಬೆಲೆಯನ್ನು ಆ ರಾತ್ರಿ ಕೊಟ್ಟವರು ಅವರು.

ಅದಾಗಿ ಎರಡು ವಾರಕ್ಕೆ ಮೊಣಕಾಲ ಕೆಳಗಿನ ಎಲುಬಿನಲ್ಲಿ ನೋವು ಶುರುವಾಯಿತು. ಬೆರಳಿಟ್ಟರೆ ಒಂದೇ ಚುಕ್ಕೆಯಲ್ಲಿ ಚುಚ್ಚುವ ನೋವು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಡಾಕ್ಟರು ನಾನು ಎಷ್ಟು ಓಡುತ್ತೇನೆಂದು ಕೇಳಲೇ ಇಲ್ಲ. ‘ಎಷ್ಟು ಹೊತ್ತು ಮಲಗ್ತೀರಿ?’ ಎಂದು ಕೇಳಿದರು. ನಾನು ಹೇಳಿದ ಉತ್ತರವನ್ನು ಬರೆದುಕೊಳ್ಳದೆ ಪೆನ್ನು ಕೆಳಗಿಟ್ಟರು. ಎಂಟು ವಾರ ಓಟ ನಿಂತಿತು.

ಹಾಗಾದರೆ ನಿದ್ದೆಗೆ ಹೊತ್ತು ಎಲ್ಲಿಂದ ತರುವುದು? ಗಂಟೆಗಳು ಆಕಾಶದಿಂದ ಉದುರುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ಬೆಂಗಳೂರಿನ ರೈಲ್ವೆ ಹಣಕಾಸು ಅಧಿಕಾರಿ ಶ್ರೇಯಸ್ ಹೊಸೂರ್ 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಐರನ್‌ಮ್ಯಾನ್ ಮುಗಿಸಿದಾಗ ನಮ್ಮ ಪತ್ರಿಕೆಗಳೆಲ್ಲ ಹೆಮ್ಮೆಯಿಂದ ಬರೆದವು. ಸುಮಾರು 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೊಂದು ಪೂರ್ತಿ ಮ್ಯಾರಥಾನ್. ಎಲ್ಲ ಸೇರಿ ಹದಿಮೂರೂವರೆ ಗಂಟೆಯೊಳಗೆ. ಹೆಮ್ಮೆಪಡಬೇಕಾದ್ದೇ. ಇಂಥ ಸ್ಪರ್ಧೆಗೆ ತಯಾರಾಗುವ ಯಾರಿಗಾದರೂ ವಾರಕ್ಕೆ ಹತ್ತರಿಂದ ಹದಿನೈದು ಗಂಟೆ ಅಭ್ಯಾಸವೇ ಬೇಕು. ಅದಾದ ಮೇಲಿನ ವಿಶ್ರಾಂತಿ ಬೇರೆ. ಉದ್ಯೋಗಸ್ಥ ಕ್ರೀಡಾಪಟುವಿನ ಸಂದರ್ಶನ ಓದುವಾಗಲೆಲ್ಲ ನಾನು ಒಂದು ಪ್ರಶ್ನೆ ಹುಡುಕುತ್ತೇನೆ, ಸಾಮಾನ್ಯವಾಗಿ ಅದು ಇರುವುದಿಲ್ಲ. ನೀವು ಭಾನುವಾರ ಬೆಳಿಗ್ಗೆ ಐದು ಗಂಟೆ ಸೈಕಲ್ ಮೇಲಿದ್ದು, ಮಧ್ಯಾಹ್ನ ಮಲಗಿದ್ದಾಗ, ಮನೆಯಲ್ಲಿ ಮಿಕ್ಕ ಕೆಲಸ ಯಾರು ಮಾಡಿದರು?

ನನ್ನ ಮಟ್ಟಿಗೆ ಉತ್ತರ ಇದೆ. ಆನೆಯ ಕಾರಣಕ್ಕೆ ಮುಂದೆ ಹೋದ ಆ ಒಂದೂಕಾಲು ಗಂಟೆ ನನ್ನ ಅತ್ತೆ ಕೊಟ್ಟದ್ದು. ಮಗನ ಶಾಲೆಗಾಗಿ ನಮ್ಮವರು ಮೈಸೂರಿನಲ್ಲಿ ಉಳಿದರು. ನನ್ನ ಜೊತೆ ಇಲ್ಲಿಗೆ ಬಂದವರು ಅತ್ತೆ ಮತ್ತು ಚಿಕ್ಕ ಮಗಳು. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಓಟದ ಪಂದ್ಯ ನೋಡಿದವರಲ್ಲ. ಮೊದಲ ದಿನ ನಾನು ಹಿಂಜರಿಯುತ್ತ ನಿಂತಾಗ, ‘ಹೋಗ್ಬಾ ತಾಯಿ, ಹಾಲು ನಾನ್ ಕಾಯಿಸ್ತೀನಿ, ಕೂಸಿಗೆ ಜಡೆ ನಾನ್ ಹಾಕ್ತೀನಿ’ ಎಂದರು. ಕಾಲು ಬಿರುಕುಬಿಟ್ಟ ಮೇಲೆ ಅವರು ಇನ್ನೊಂದು ಕೆಲಸ ವಹಿಸಿಕೊಂಡರು. ರಾತ್ರಿ ಹತ್ತಕ್ಕೆ ನನ್ನ ಫೋನು ಇಸಿದುಕೊಂಡು ತಮ್ಮ ಎಲೆಅಡಿಕೆ ಚೀಲದ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಅಭ್ಯಾಸದ ಪಟ್ಟಿ ಬರೆದುಕೊಟ್ಟ ಯಾವ ಪುಸ್ತಕಕ್ಕಿಂತಲೂ ಹತ್ತು ಗಂಟೆಗೆ ಚಾಚಿದ ಆ ಕೈ ನನ್ನನ್ನು ಹೆಚ್ಚು ಓಡಿಸಿದೆ. ನಾನು ಆಮೇಲೆ 3 ಗಂಟೆ 41 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದ್ದು ಅವರ ಬೆಳಗುಗಳನ್ನು ಖರ್ಚುಮಾಡಿ. ಅವರಿಗೆ ಆಗ ಅರವತ್ತೆಂಟು. ಅವರ ಮಂಡಿನೋವಿಗೂ ವಿಶ್ರಾಂತಿ ಬೇಕಿತ್ತೆಂದು ಹೊಳೆಯಲು ನನಗೆ ಒಂದು ವರ್ಷ ಹಿಡಿಯಿತು. ಹೊಳೆದ ಮೇಲೆ ವಾರಕ್ಕೆ ಆರು ದಿನದ ಓಟವನ್ನು ನಾಲ್ಕಕ್ಕೆ ಇಳಿಸಿದೆ. ವೇಗ ಕಡಿಮೆಯಾಗಲಿಲ್ಲ.

ಹೆಣ್ಣುಮಕ್ಕಳ ವಿಷಯ ಬಂದಾಗ ಓ.ಪಿ. ಜೈಷಾ ಅವರ ಹೆಸರು ಹೇಳದೆ ವಯನಾಡಿನಲ್ಲಿ ಮಾತು ಮುಂದುವರಿಸಲಾಗದು. ಮಾನಂದವಾಡಿಯ ಹತ್ತಿರದ ತಿರುಶ್ಶಿಲೇರಿಯವರು, ಹುಟ್ಟಿದ್ದು 1983ರಲ್ಲಿ. ಚಿಕ್ಕಂದಿನಲ್ಲಿ ಹಸಿವು ತಾಳದೆ ಮಣ್ಣು ತಿಂದದ್ದನ್ನು ಅವರೇ ಪತ್ರಿಕೆಯವರ ಮುಂದೆ ಹೇಳಿಕೊಂಡಿದ್ದಾರೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 5,000 ಮೀಟರ್ ಕಂಚು, ಎಂಟು ವರ್ಷದ ಮೇಲೆ ಇಂಚಿಯಾನ್‌ನಲ್ಲಿ 1,500 ಮೀಟರ್ ಕಂಚು. ನಡುವಿನ ಆ ಎಂಟು ವರ್ಷ ಉಳಿದುಕೊಳ್ಳುವುದೇ ಒಂದು ದೂರದ ಓಟ. ಮೂವತ್ತು ದಾಟಿದ ಮೇಲೆ ಮ್ಯಾರಥಾನ್‌ಗೆ ಬಂದರು. 2015ರ ಜನವರಿಯಲ್ಲಿ ಮುಂಬೈಯಲ್ಲಿ ರಾಷ್ಟ್ರೀಯ ದಾಖಲೆ, ಅದೇ ಆಗಸ್ಟ್‌ನಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2:34:43 ಓಡಿ ತಮ್ಮ ದಾಖಲೆಯನ್ನು ತಾವೇ ಮುರಿದರು.

ಮರುವರ್ಷ ರಿಯೊದಲ್ಲಿ 2:47:19ಕ್ಕೆ ಗುರಿ ಮುಟ್ಟಿ ಕುಸಿದು ಬಿದ್ದರು. ದಾರಿಯಲ್ಲಿ ಭಾರತದ ಮೇಜುಗಳಲ್ಲಿ ತಮಗಾಗಿ ಪಾನೀಯ ಇರಲಿಲ್ಲ ಎಂದು ಅವರೆಂದರು. ಬೇಕೇ ಎಂದು ಕೇಳಿದಾಗ ಬೇಡವೆಂದಿದ್ದರು ಎಂದು ಅಥ್ಲೆಟಿಕ್ಸ್ ಫೆಡರೇಷನ್ ಹೇಳಿತು. ಆ ವಾಗ್ವಾದದ ತೀರ್ಪು ಹೇಳಲು ನಾನು ಬಂದಿಲ್ಲ. ಬಿಸಿಲಿನಲ್ಲಿ ಎರಡು ಮುಕ್ಕಾಲು ಗಂಟೆ ಓಡಿದ ಹೆಂಗಸು ನೆಲಕ್ಕೆ ಬಿದ್ದಾಗ ನನಗೆ ಕಂಡದ್ದು ಒಂದೇ. ಗುರಿ ಮುಟ್ಟುವವರೆಗಿನ ಓಟಕ್ಕೆ ಟಿಕೆಟ್, ಸಮವಸ್ತ್ರ, ಬಾವುಟ ಎಲ್ಲವನ್ನೂ ಹೊಂದಿಸುವ ನಾವು, ಓಟದ ಸುತ್ತಲಿನ ಆರೈಕೆಯ ಮಾತು ಬಂದಾಗ ಯಾರು ಯಾರನ್ನು ಕೇಳಬೇಕಿತ್ತು ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ನಮ್ಮ ಸೇವಾ ನಿಯಮಗಳೂ ಹೀಗೆಯೇ ಇವೆ. ಕೇಂದ್ರ ಸರ್ಕಾರಿ ನೌಕರರಿಗೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಮಹತ್ವದ ಸ್ಪರ್ಧೆಗಳಲ್ಲಿ ಭಾಗವಹಿಸಲು ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಇದೆ. ಒಳ್ಳೆಯ ನಿಯಮ. ಆದರೆ ಅದು ಓಡುವ ದಿನಕ್ಕೆ ಕೊಡುವ ರಜೆ. ಮ್ಯಾರಥಾನ್ ಮುಗಿಯುವುದು ಒಂದು ಬೆಳಗಿನಲ್ಲಿ, ತಯಾರಿ ನಡೆಯುವುದು ಹದಿನಾರು ಹದಿನೆಂಟು ವಾರ. ಆ ಹದಿನೆಂಟು ವಾರದಲ್ಲಿ ವಾರಕ್ಕೆರಡು ದಿನ ಒಂದೂವರೆ ಗಂಟೆ ತಡವಾಗಿ ಬಂದು ಸಂಜೆ ತುಂಬಿಕೊಡಲು ಬಿಟ್ಟರೆ, ಮೂವತ್ತು ದಿನದ ರಜೆಗಿಂತ ಅದರ ಪ್ರಯೋಜನ ಹೆಚ್ಚು, ಕಚೇರಿಗೆ ಖರ್ಚೂ ಇಲ್ಲ. ಸ್ಪರ್ಧೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ಬಂದವರನ್ನು ಮರುದಿನ ಬೆಳಿಗ್ಗೆ ಕ್ಯಾಷ್ ಕೌಂಟರಿನಲ್ಲಿ ಕೂರಿಸದಿದ್ದರೆ ಅದೂ ಒಂದು ಉಪಕಾರ. ನಾನು ಶಾಖಾ ವ್ಯವಸ್ಥಾಪಕಿಯಾಗಿದ್ದಾಗ ನನ್ನ ಕೈಕೆಳಗೆ ಕ್ರೀಡಾ ಕೋಟಾದಲ್ಲಿ ಬಂದ ಒಬ್ಬ ಹುಡುಗನಿದ್ದ. ಅವನಿಗೆ ನಾನು ಮಾಡಿದ್ದು ಇಷ್ಟೇ, ಮಂಗಳವಾರ ಮತ್ತು ಶುಕ್ರವಾರ ಹನ್ನೊಂದೂವರೆಗೆ ಬಾ ಎಂದದ್ದು. ಅದಕ್ಕೂ ನಾಲ್ಕು ಜನ ಸಿಬ್ಬಂದಿಯನ್ನು ಒಪ್ಪಿಸಬೇಕಾಯಿತು. ಒಪ್ಪಿದರು, ಏಕೆಂದರೆ ತಡವಾದ ಹೊತ್ತನ್ನು ಅವನು ಸಂಜೆ ಚೀಟಿ ಚೀಟಿಯಾಗಿ ತೀರಿಸುತ್ತಿದ್ದ.

ಸೈಕಲ್ ಬಗ್ಗೆ ಎರಡು ಮಾತು. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರಿಸ್‌ನ ಸವಾರರು ಇದೇ ಬತ್ತೇರಿಯ ರಸ್ತೆಯಲ್ಲಿ ಹಾದುಹೋಗುವುದನ್ನು ನೀವು ಕಂಡಿದ್ದೀರಿ. ಅವರಲ್ಲಿ ಬಹುಪಾಲು ಸಾಫ್ಟ್‌ವೇರ್, ವೈದ್ಯಕೀಯ, ವ್ಯಾಪಾರ ಹೀಗೆ ಬೇರೆ ಬೇರೆ ಕಸುಬಿನವರು. ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಡಿಸೆಂಬರಿನ ಆ ಒಂದು ವಾರಕ್ಕೆ ಸುರಿಯುತ್ತಾರೆ. ಅವರ ಸೈಕಲ್ಲಿನ ಬೆಲೆಯಲ್ಲಿ ನಮ್ಮೂರಲ್ಲಿ ಒಂದು ಜೋಡಿ ಎತ್ತು ಬಂದು ಇನ್ನೂ ಮಿಗುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಲಾರಿಯ ಹೊಗೆ ಕುಡಿಯುತ್ತ ಹತ್ತುವವರ ಕಾಲಿಗೆ ಬೆಲೆಯ ಚೀಟಿ ಇರುವುದಿಲ್ಲ. ಅವರಲ್ಲಿ ನಾನು ಮೆಚ್ಚುವುದು, ಒಂದು ದಿನ ಮಧ್ಯೆ ಬಿಡುವು ಎಂದರೆ ನಾಚಿಕೆಯಿಲ್ಲದೆ ಇಡೀ ದಿನ ಮಲಗುತ್ತಾರೆ.

ಕೊನೆಯದಾಗಿ ಆ ರಸ್ತೆಯ ಹುಡುಗರಲ್ಲಿ ಒಬ್ಬನ ಸಂಗತಿ. ಹೆಸರು ಬೇಡ, ಅವನ ಮನೆಯವರು ಈ ಸಭೆಯಲ್ಲಿರಬಹುದು. 1.6 ಕಿಲೋಮೀಟರಿಗೆ ಅವನು 5 ನಿಮಿಷ 44 ಸೆಕೆಂಡು ತೆಗೆದುಕೊಳ್ಳುತ್ತಿದ್ದ. ತಿಂಗಳುಗಟ್ಟಲೆ ಅಷ್ಟೇ. ಕಡಿಮೆ ಮಾಡಲು ಇನ್ನೂ ಹೆಚ್ಚು ಓಡಬೇಕೇ ಎಂದು ನನ್ನನ್ನು ಕೇಳಿದ. ದಿನ ಹೇಗೆ ಕಳೆಯುತ್ತೀಯ ಎಂದು ಕೇಳಿದೆ. ಬೆಳಿಗ್ಗೆ ಮೂರೂವರೆಗೆ ಎದ್ದು ಪೇಟೆಯಲ್ಲಿ ಪತ್ರಿಕೆಯ ಕಟ್ಟು ಇಳಿಸಿ ಹಂಚುವುದು, ಆರೂವರೆಗೆ ಓಟ, ಎಂಟಕ್ಕೆ ಮೆಣಸಿನ ಮಂಡಿಯಲ್ಲಿ ಮೂಟೆ ಕೆಲಸ, ಸಂಜೆ ಮತ್ತೆ ಓಟ, ರಾತ್ರಿ ಹತ್ತೂವರೆಗೆ ಊಟ. ಕೈಬೆರಳು ಮಡಚಿ ಎಣಿಸುತ್ತ ಹೇಳಿದ. ಸಂಜೆಯ ಓಟ ಬಿಟ್ಟುಬಿಡು, ಆ ಹೊತ್ತಿಗೆ ಮಲಗು ಎಂದೆ. ಅವನಿಗೆ ಅದು ಬೈಗುಳದಂತೆ ಕೇಳಿರಬೇಕು, ಮುಖ ಸಣ್ಣದಾಯಿತು. ಹತ್ತು ದಿನ ನನ್ನ ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಸಾಲದ ದಾಸ್ತಾನು ನೋಡಲು ಆ ಮಂಡಿಗೆ ಹೋಗಬೇಕಾಯಿತು. ಒಳಗಿನ ಕೋಣೆಯಲ್ಲಿ ಒಣಮೆಣಸಿನ ಮೂಟೆಗಳ ನಡುವೆ, ಗೋಣಿ ಹಾಸಿಕೊಂಡು ಅವನು ಮಲಗಿದ್ದ. ಕಾಲು ಎರಡು ಮೂಟೆಯ ಎತ್ತರಕ್ಕೆ ಚಾಚಿತ್ತು, ಓಟದ ಶೂ ತಲೆದಿಂಬಿನ ಹತ್ತಿರ ಜೋಡಿಯಾಗಿತ್ತು. ಮಂಡಿಯ ಮಾಲೀಕರು ನನ್ನ ಕಡೆ ನೋಡಿ ಬಾಯಿಯ ಮೇಲೆ ಬೆರಳಿಟ್ಟರು. ಊಟದ ಹೊತ್ತು ಒಂದು ಗಂಟೆ, ಅದಕ್ಕೆ ನಾನೇ ಇನ್ನೊಂದು ಗಂಟೆ ಸೇರಿಸಿದ್ದೇನೆ ಎಂದು ಪಿಸುಗುಟ್ಟಿದರು. ಅಷ್ಟು ಹೊತ್ತು ಅವರು ತಾವೇ ತೂಕದ ಬಳಿ ನಿಂತಿರುತ್ತಿದ್ದರು. ನಾವಿಬ್ಬರೂ ಮೂಟೆಗಳನ್ನು ಎಣಿಸದೆ, ಚಪ್ಪಲಿ ಕೈಯಲ್ಲಿ ಹಿಡಿದು, ಹೊರಗೆ ಬಂದೆವು.

ನಾನಿನ್ನು ಹೊರಡಬೇಕು. 2009ರಿಂದ ಬಂಡೀಪುರದ ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ, ಅಷ್ಟರೊಳಗೆ ಕಾಡು ದಾಟಬೇಕು. ಅತ್ತೆ ಹತ್ತೂವರೆಯವರೆಗೆ ಎದ್ದಿರುತ್ತೇನೆ ಎಂದಿದ್ದಾರೆ.